ಹನ್ನೆರಡು ಮಿಲಿಮೀಟರ್ ಜಾಸ್ತಿ

ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಇಡ್ಲಿ ಆಗಲಿಲ್ಲ. ಹಿಟ್ಟು ಹುದುಗಲು ಇಡುತ್ತಿದ್ದ ನನ್ನ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ನಮ್ಮ ಯಜಮಾನರು ಅದೇನೋ ರೆಸಿನ್ ಅಂತೆ, ಆ ಅಂಟು ಸುರಿದು, ಅದನ್ನು ಗಟ್ಟಿ ಮಾಡೋ ಇನ್ನೊಂದು ಔಷಧಿ ಹಾಕಿ ಕಲಸಿಬಿಟ್ಟರು. ಐದು ನಿಮಿಷ ಆಗಿರಲಿಲ್ಲ, ಪಾತ್ರೆ ಕೆಂಡದ ಹಾಗೆ ಕಾದು, ಹೊಗೆ ಎದ್ದು, ಒಳಗಿದ್ದದ್ದು ಕಲ್ಲಾಗಿ ಕೂತಿತು. ಸುತ್ತಿಗೆಯಲ್ಲಿ ಬಡಿದರೂ ಬಿಡಲಿಲ್ಲ.

"ಒಟ್ಟಿಗೇ ಅಷ್ಟು ಕಲಸ್ಬಾರ್ದಂತೆ ಕಣೇ. ಒಳಗೇ ಬಿಸಿ ಹುಟ್ಟುತ್ತಂತೆ," ಅಂದರು.

"ನನ್ನ ಪಾತ್ರೆ ಹೋದ್ಮೇಲೆ ಗೊತ್ತಾಯ್ತಾ?"

"ಬೇರೆ ತಂದ್ಕೊಡ್ತೀನಿ ಮಾರಾಯ್ತಿ, ಬಾಯಿ ಮುಚ್ಚು."

ಬಾಯಿ ಮುಚ್ಚು ಅಂದರೆ ನಾನು ಮುಚ್ಚೋಳಲ್ಲ. ಆದರೆ ಅವತ್ತು ಮುಚ್ಚಿಕೊಂಡೆ. ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ಆ ಕಲ್ಲಾದ ಪಾತ್ರೆಯನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿದರೆ ಪಾತ್ರೆ ಹೋದರೆ ಹೋಗಲಿ ಅನ್ನಿಸುತ್ತಿತ್ತು.

ನಮ್ಮದು ಭದ್ರಾವತಿ ನ್ಯೂ ಟೌನಿನ ಹಳೇ ಕ್ವಾರ್ಟರ್ಸು. ಎರಡು ರೂಮು, ಒಂದು ಅಡುಗೆಮನೆ, ಮುಂದೆ ಜಗಲಿ. ನಮ್ಮವರು, ಷಣ್ಮುಖಪ್ಪ, ಫೌಂಡ್ರಿಯ ಪ್ಯಾಟರ್ನ್ ಶಾಪಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಕಬ್ಬಿಣದ ಸಾಮಾನು ಎರಕ ಹೊಯ್ಯೋಕೆ ಮೊದಲು ಅದೇ ಆಕಾರದ ಮರದ ಅಚ್ಚು ಬೇಕಲ್ಲ, ಅದನ್ನು ಕೆತ್ತುವವರು. ಜೊತೆಗೆ ನಮ್ಮತ್ತೆ ವೀರಮ್ಮ, ಎಪ್ಪತ್ತೊಂಬತ್ತು ವರ್ಷ, ಹಲ್ಲು ಹೋಗಿದೆ, ಜೋರು ಹೋಗಿಲ್ಲ. ಆಮೇಲೆ ಪ್ರಿಯದರ್ಶಿನಿ, ನಮ್ಮ ಒಬ್ಬಳೇ ಮಗಳು.

ಪ್ರಿಯಾ ದೀಪಾವಳಿಗೆ ಅಂತ ಗಂಡನ ಮನೆಯಿಂದ, ಶಿವಮೊಗ್ಗದ ರಾಗಿಗುಡ್ಡದಿಂದ ಬಂದವಳು. ಹಬ್ಬ ಮುಗೀತು, ಕಾರ್ತಿಕ ಮುಗೀತು, ಹೋಗಲಿಲ್ಲ. ಯಾಕೆ ಅಂದರೆ "ಹೊಡೀತಾರೆ" ಅಂದಳು. ಅದನ್ನೂ ಸಾರಿಗೆ ಉಪ್ಪು ಕಡಿಮೆ ಅನ್ನೋ ಹಾಗೆ ಹೇಳಿದಳು.

"ಗಂಡ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಏಟು ಬರುತ್ತೆ," ಅಂದರು ಅತ್ತೆ. "ನಿಮ್ಮಜ್ಜ ಸೌದೆ ತಗೊಂಡು ಎಸೀತಿದ್ರು. ನಾನೇನು ತವರಿಗೆ ಓಡಿಹೋದ್ನಾ?"

"ಓಡಿಹೋಗಿದ್ರೆ ಚೆನ್ನಾಗಿರ್ತಿತ್ತು ಅಜ್ಜಿ," ಅಂದಳು ಪ್ರಿಯಾ.

ಆ ಸಂಬಂಧ ತಂದವರೇ ಅತ್ತೆ. ಅಳಿಯ ಶಿವಯೋಗಿ ಅವರ ತಮ್ಮನ ಮೊಮ್ಮಗ. ಅವರ ತವರಿನ ಕುಡಿ. ಅವನ ಮೇಲೆ ಒಂದು ಮಾತು ಅಂದರೆ ಅತ್ತೆಗೆ ತವರಿಗೇ ಅಂದ ಹಾಗೆ.

ಜನವರಿಯಲ್ಲಿ ಪ್ರಿಯಾ ಮೊಬೈಲಿನಲ್ಲಿ ಒಂದು ನೋಟಿಸು ತೋರಿಸಿದಳು. ಜಲರಕ್ಷಣಾ ದಳ ಅಂತ ಹೊಸದಾಗಿ ಮಾಡುತ್ತಾರಂತೆ, ಹೊಳೆಗೆ ಕೆರೆಗೆ ಬಿದ್ದವರನ್ನ ಎತ್ತೋಕೆ. ಆರು ಜನ ಹೆಂಗಸರು ಬೇಕು. ಆಯ್ಕೆ ಆದವರಿಗೆ ಹಾಸ್ಟೆಲಿನಲ್ಲಿ ಟ್ರೈನಿಂಗು, ಆಮೇಲೆ ಕೆಲಸ, ಇರೋಕೆ ಕ್ವಾರ್ಟರ್ಸು. ಇಪ್ಪತ್ತೈದು ತುಂಬಿದವರು ಬರೋ ಹಾಗಿಲ್ಲ. ಪ್ರಿಯಾಗೆ ಏಪ್ರಿಲ್‌ಗೆ ಇಪ್ಪತ್ತೈದು. ಟ್ರಯಲ್ ಮಾರ್ಚ್ ಕೊನೇ ಭಾನುವಾರ, ಶಿವಮೊಗ್ಗದ ಈಜುಕೊಳದಲ್ಲಿ.

ನಮ್ಮ ಹುಡುಗಿ ಭದ್ರಾ ನಾಲೆಯಲ್ಲಿ ಈಜು ಕಲಿತವಳು. ಕಾಲೇಜಿನಲ್ಲಿ ಕಪ್ಪು ಗೆದ್ದವಳು. ಆದರೆ ಈ ಟ್ರಯಲ್ಲಿಗೆ ಕಾಲಿಗೆ ಫಿನ್ ಹಾಕಿಕೊಂಡು ಈಜಬೇಕು, ಬಾತುಕೋಳಿ ಪಾದದ ಥರ ಇರುತ್ತಲ್ಲ, ಅದು. ಅವರವರ ಫಿನ್ ಅವರವರೇ ತರಬೇಕು. ಇನ್ನೂರು ಮೀಟರು, ಎರಡು ನಿಮಿಷ ಹತ್ತು ಸೆಕೆಂಡಿನ ಒಳಗೆ. ಕಾಲೇಜಿನ ಕಾಲದ ರಬ್ಬರ್ ಫಿನ್ನಿನಲ್ಲಿ ಪ್ರಿಯಾಗೆ ಎರಡು ನಿಮಿಷ ಹದಿನಾರು ಸೆಕೆಂಡು ಆಗುತ್ತಿತ್ತು. ಎಷ್ಟು ತಿಣುಕಿದರೂ ಅದರ ಕೆಳಗೆ ಇಳಿಯಲಿಲ್ಲ.

"ಉದ್ದದ ಕಾರ್ಬನ್ ಫಿನ್ ಇದ್ರೆ ಆಗುತ್ತೆ ಅಪ್ಪಾ. ರಬ್ಬರು ಮಡಚಿಕೊಂಡು ಸುಮ್ನಿರುತ್ತೆ, ಕಾರ್ಬನ್ ಮಡಚಿ ವಾಪಸ್ ಒದೆಯುತ್ತೆ. ಆದ್ರೆ ಅದು ಫಾರಿನ್ನಿಂದ ಬರ್ಬೇಕು. ನಮ್ಮ ಕೈಲಾಗೋದಲ್ಲ."

ನಮ್ಮವರು ಆ ಫೋಟೋವನ್ನ ದೊಡ್ಡದು ಮಾಡಿ, ಕನ್ನಡಕ ಮೇಲೆತ್ತಿ ನೋಡಿದರು. "ಇದೇನು ದೇವಲೋಕದಿಂದ ಇಳಿದು ಬಂದಿದ್ದಾ? ಅಚ್ಚು ಮಾಡಿ, ಮೇಲೆ ಬಟ್ಟೆ ಅಂಟಿಸಿದಾರೆ. ನಾನು ಮಾಡ್ತೀನಿ," ಅಂದರು.

ಸಂಕ್ರಾಂತಿ ದಿನ ಎಳ್ಳು ಬೀರುವ ನೆಪದಲ್ಲಿ ಶಿವಯೋಗಿಯೂ ಅವನ ತಾಯಿ ಸತ್ಯಭಾಮಮ್ಮನೂ ಬಂದರು. ಸೊಸೆಯನ್ನ ಕರೆದುಕೊಂಡೇ ಹೋಗೋದು ಅಂತ ಕೂತರು. ಶಿವಯೋಗಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ತಲೆ ತಗ್ಗಿಸಿ, ಪಲ್ಯ ಚೆನ್ನಾಗಿದೆ ಅತ್ತೆ ಅಂತ ನನಗೆ ಹೇಳಿ ಎರಡು ಸಲ ಹಾಕಿಸಿಕೊಂಡ. ನೋಡಿದರೆ ಬೆಣ್ಣೆ. ಕೊನೆಗೆ ನಮ್ಮತ್ತೆಯೇ ತೀರ್ಮಾನ ಕೊಟ್ಟರು.

"ಮಾರ್ಚ್ ಮುಗಿಯೋವರೆಗೆ ಬಿಡಿ. ಪರೀಕ್ಷೆ ಒಂದಾಗ್ಲಿ. ಪಾಸಾದ್ರೆ ಅವಳ ದಾರಿ ಅವಳಿಗೆ. ಇಲ್ಲ ಅಂದ್ರೆ ಮಾರನೇ ದಿನ ಸೋಮವಾರ ಬನ್ನಿ, ನಾನೇ ಉಡಿ ತುಂಬಿ ಕಳಿಸ್ತೀನಿ. ಇದು ವೀರಮ್ಮನ ಮಾತು."

ಎಲ್ಲರೂ ನನ್ನ ಕಡೆ ನೋಡಿದರು. ನಾನೂ "ಆಗ್ಲಿ" ಅಂದೆ. ಮುಚ್ಚುಮರೆ ಏನಿಲ್ಲ, ನಾನೂ ಅಂದೆ. ಪ್ರಿಯಾ ಎಲೆಯಿಂದ ಎದ್ದು ಹೋದಳು.

ಅಲ್ಲಿಂದ ಶುರುವಾಯಿತು ನೋಡಿ ಮನೆ ತುಂಬ ಗಲಾಟೆ. ಬೆಂಗಳೂರಿನಿಂದ ಕೊರಿಯರಿನಲ್ಲಿ ಕಾರ್ಬನ್ ಬಟ್ಟೆ ಬಂತು. ಕಪ್ಪಗೆ ಮಿರಿಮಿರಿ ಮಿಂಚುವ ನೇಯ್ಗೆ, ಮುಟ್ಟಿದರೆ ರೇಷ್ಮೆ, ಕತ್ತರಿಸಿದರೆ ಮುಳ್ಳು. ಅದರ ಚೂರು ಗಾಳಿಯಲ್ಲಿ ಹಾರಿ ಮೈಮೇಲೆ ಕೂತರೆ ತುರಿಸಿ ತುರಿಸಿ ಸಾಕಾಗುತ್ತಿತ್ತು.

"ಇದ್ಯಾವ ಅಪಶಕುನದ ಕರೀ ಬಟ್ಟೆ ತಂದ್ಯೋ ಷಣ್ಮುಖ?" ಅಂದರು ಅತ್ತೆ.

"ಉಕ್ಕಿಗಿಂತ ಗಟ್ಟಿ ಅವ್ವ ಇದು."

"ಉಕ್ಕು ಯಾವತ್ತೂ ನನ್ನ ಹಾಸಿಗೆಗೆ ಬಂದು ಚುಚ್ಚಿರ್ಲಿಲ್ಲ."

ಮಾಚೇನಹಳ್ಳಿಯಲ್ಲಿ ಮುರುಗೇಶ ಅಂತ ನಮ್ಮವರ ಹಳೇ ಸ್ನೇಹಿತ ಇದ್ದಾನೆ, ಫೈಬರ್ ಟ್ಯಾಂಕು, ಫೈಬರ್ ಬಾಗಿಲು ಮಾಡುವ ಸಣ್ಣ ಶೆಡ್ಡು ಅವನದು. ಹಳೇ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ಗಾಳಿ ಎಳೆಯುವ ಪಂಪು ಮಾಡಿಕೊಟ್ಟವನು ಅವನೇ. ನಮ್ಮವರು ಸಾಗುವಾನಿ ಹಲಗೆಯಲ್ಲಿ ಅಚ್ಚು ಕೆತ್ತಿದರು. ಪಾದದ ಹತ್ತಿರ ಒಂಚೂರು ಬಾಗು, ಆಮೇಲೆ ತುದಿವರೆಗೆ ನೇರ. ಆ ಉದ್ದದ ಹಾಳೆಯಂಥ ಭಾಗಕ್ಕೆ ಬ್ಲೇಡ್ ಅಂತಾರೆ. ಅಚ್ಚಿನ ಮೇಲೆ ಮೇಣ ಸವರಿ, ಕಾರ್ಬನ್ ಬಟ್ಟೆ ಹಾಸಿ, ರೆಸಿನ್ ಕುಡಿಸಿ, ಅದರ ಮೇಲೆ ಇನ್ನೊಂದು ಪದರ. ಬುಡದಲ್ಲಿ ಐದು ಪದರ, ತುದಿಗೆ ಹೋಗ್ತಾ ಎರಡು. ಕೊನೆಗೆ ಇಡೀ ಅಚ್ಚನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಗಾಳಿ ಎಳೆದರೆ ಚೀಲ ಮೈಗೆ ಅಂಟಿದ ಚರ್ಮದ ಹಾಗೆ ಬಿಗಿಯುತ್ತಿತ್ತು.

"ಅಣ್ಣಾ, ಗ್ಲೋಸ್ ಹಾಕ್ಕೊಳಿ. ಈ ರೆಸಿನ್ ಮೈಗೆ ಆಗ್ಬರಲ್ಲ," ಅಂತ ಮುರುಗೇಶ ಎಷ್ಟು ಬಡಿದುಕೊಂಡ.

"ಗ್ಲೋಸ್ ಹಾಕ್ಕೊಂಡ್ರೆ ಕೈಗೆ ಗೊತ್ತಾಗಲ್ಲ ಕಣೋ. ಪ್ಯಾಟರ್ನ್ ಶಾಪಿನವನಿಗೆ ಕಣ್ಣು ಇರೋದು ಬೆರಳಲ್ಲಿ."

ಬೆರಳಲ್ಲಿದ್ದ ಕಣ್ಣು ಫೆಬ್ರವರಿ ಮುಗಿಯೋದರೊಳಗೆ ಕುರುಡಾಯಿತು. ಮೊದಲು ಕೆಂಪು ಗುಳ್ಳೆ, ಆಮೇಲೆ ಬಿರುಕು, ಆಮೇಲೆ ಬೆಳಗ್ಗೆ ಎದ್ದರೆ ರೆಪ್ಪೆ ಊದಿ ಕಣ್ಣೇ ಬಿಡೋಕೆ ಆಗುತ್ತಿರಲಿಲ್ಲ. ಅನ್ನ ಸಾರು ಕಲಸಲು ಹೋದರೆ ಖಾರ ತಾಗಿ ಹಾ ಅನ್ನುತ್ತಿದ್ದರು. ನಾನು ಚಮಚ ಕೊಟ್ಟೆ. ಚಮಚದಲ್ಲಿ ಊಟ ಮಾಡಿ ಅಭ್ಯಾಸ ಇಲ್ಲ, ಮುದ್ದೆ ಜಾರಿ ಪಂಚೆ ಮೇಲೆ ಬೀಳುತ್ತಿತ್ತು.

"ಬಿಟ್ಬಿಡಿ ಅಪ್ಪಾ," ಅಂದಳು ಪ್ರಿಯಾ ಒಂದು ದಿನ. "ನಿಮ್ಮ ಕೈ ನೋಡೋಕಾಗಲ್ಲ."

"ಇನ್ನೊಂದು ಬ್ಲೇಡ್ ಬಾಕಿ ಇದೆ. ಒಂದು ಕಾಲಲ್ಲಿ ಈಜ್ತೀಯಾ?"

"ರೀ, ಅವಳು ಹೇಳೋದು ಕೇಳಿ," ಅಂದೆ ನಾನು.

"ನೀನು ಕೇಳ್ದ್ಯಾ? ಹೊಡೀತಾರೆ ಅಂತ ಹೇಳಿದ್ಲಲ್ಲ, ಸಂಕ್ರಾಂತಿ ದಿನ ಅದನ್ನ ನೀನು ಕೇಳ್ದ್ಯಾ?" ಅಂತ ಅವರು ತಿರುಗಿ ಬಿದ್ದರು. ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

ಬ್ಲೇಡಿಗೆ ಹದವಾಗಿ ಕಾವು ಕೊಡಬೇಕಂತೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ, ಅತ್ತೆಯ ಕಂಬಳಿ ಕಸಿದುಕೊಂಡು ಮೇಲೆ ಹೊದೆಸಿದರು. ಅತ್ತೆ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳೋರು: "ನನ್ನ ಮಗ ಬಾಣಂತನ ಮಾಡ್ತಿದಾನೆ, ನೋಡಿ ಹೋಗಿ. ಕೂಸು ಕರ್ರಗಿದೆ." ಆದರೆ ಒಂದು ವಿಷಯ. ಕರೆಂಟು ಹೋದಾಗ ಅಡುಗೆಮನೆಗೆ ಬಂದು, "ಬಿಸಿನೀರಿನ ಬಾಟ್ಲಿ ಇಡೇ ಒಳಗೆ, ಆರಿಹೋದೀತು" ಅಂದವರೂ ಅವರೇ.

ಮಾರ್ಚ್ ಎರಡನೇ ವಾರಕ್ಕೆ ಎರಡೂ ಬ್ಲೇಡು ಆದವು. ಹಳೇ ರಬ್ಬರ್ ಫಿನ್ನಿನ ಪಾದದ ಭಾಗ ಕತ್ತರಿಸಿ ಅದಕ್ಕೆ ಕೂರಿಸಿದರು. ಬ್ಲೇಡು ರಬ್ಬರಿನಿಂದ ಆಚೆಗೆ ಅರವತ್ತು ಸೆಂಟಿಮೀಟರ್ ಮೀರಬಾರದು ಅಂತ ನೋಟಿಸಿನಲ್ಲಿ ಇತ್ತು. ಉದ್ದ ಇದ್ದಷ್ಟೂ ವೇಗ, ಅದಕ್ಕೇ ಸರಿಯಾಗಿ ಅರವತ್ತಕ್ಕೇ ನಿಲ್ಲಿಸಿದರು.

"ಇನ್ನೊಂದ್ಸಲ ಅಳೆದು ನೋಡೋಣ್ವಾ ಅಪ್ಪಾ?"

"ಮೂವತ್ತೊಂದು ವರ್ಷದಲ್ಲಿ ನಾನು ಅಳೆದಿದ್ದನ್ನ ಇನ್ನೊಬ್ಬ ಅಳೆದಿಲ್ಲ ಪುಟ್ಟಾ."

ಆ ಫಿನ್ ಹಾಕಿಕೊಂಡು ಪ್ರಿಯಾ ಶಿವಮೊಗ್ಗದ ಕೊಳದಲ್ಲಿ ಪ್ರಾಕ್ಟೀಸ್ ಮಾಡಿ ಬಂದ ದಿನ ಜಗಲಿಯಲ್ಲಿ ಚಪ್ಪಲಿ ಕೂಡ ಬಿಡದೆ ಹೇಳಿದಳು. "ಎರಡು ಎಂಟು!" ಎರಡು ನಿಮಿಷ ಎಂಟು ಸೆಕೆಂಡು. ನಮ್ಮವರು ಊದಿದ ರೆಪ್ಪೆ ಒರೆಸಿಕೊಂಡರು. ನಾನು ಶ್ಯಾವಿಗೆ ಪಾಯಸ ಮಾಡಿದೆ. ಅತ್ತೆ ಎರಡು ಲೋಟ ಕುಡಿದು, "ಹಂಗಾದ್ರೆ ಹೋಗೇಬಿಡ್ತೀಯಾ?" ಅಂದರು. ಬೇಜಾರೋ ಸಮಾಧಾನವೋ ಗೊತ್ತಾಗಲಿಲ್ಲ.

ಟ್ರಯಲ್ ದಿನ ನಾವು ನಾಲ್ಕೂ ಜನ ಬೆಳಗ್ಗೆ ಆರೂವರೆ ಬಸ್ಸಿಗೇ ಹೊರಟೆವು. ಅತ್ತೆ ಬರೋದು ಬೇಡ ಅಂದರೂ ಕೇಳಲಿಲ್ಲ. ಮಾತು ಕೊಟ್ಟವಳು ನಾನು, ನನ್ನ ಕಣ್ಣಾರೆ ನೋಡ್ಬೇಕು ಅಂದರು. ಚಿತ್ರಾನ್ನ ಕಟ್ಟಿಕೊಂಡಿದ್ದೆ.

ಕೊಳದ ಹತ್ತಿರ ಹೆಸರು ಬರೆಸಿದ ಮೇಲೆ ಎಲ್ಲ ಹುಡುಗಿಯರಿಗೂ ತೋಳಿಲ್ಲದ, ಬೆನ್ನು ಬಿಟ್ಟ ಈಜುಡುಗೆ ಕೊಟ್ಟರು. ಬೆನ್ನ ಮೇಲೆ ಮಾರ್ಕರಿನಲ್ಲಿ ನಂಬರು ಬರೆಯಬೇಕಂತೆ. ಪ್ರಿಯಾ ಪ್ರಾಕ್ಟೀಸಿಗೆ ಯಾವಾಗಲೂ ಉದ್ದ ತೋಳಿನ, ಕುತ್ತಿಗೆವರೆಗೆ ಮುಚ್ಚುವ ಉಡುಗೆ ಹಾಕೋಳು. ಇವತ್ತು ಅದು ನಡೆಯಲ್ಲ ಅಂದರು. ಅವಳು ಬಟ್ಟೆ ಬದಲಾಯಿಸಿ ಬಂದಳು, ಹೆಗಲ ಮೇಲೆ ಟವೆಲ್ ಹೊದ್ದುಕೊಂಡೇ ಇದ್ದಳು.

ಫಿನ್ ಪರೀಕ್ಷೆಗೆ ಸಂಘಮಿತ್ರಾ ಅಂತ ಒಬ್ಬ ಮೇಡಂ ಕೂತಿದ್ದರು. ಅವರ ಮುಂದೆ ಮರದ ಒಂದು ಅಳತೆ ಪೆಟ್ಟಿಗೆ. ಫಿನ್ನನ್ನು ಅದರೊಳಗೆ ಇಟ್ಟರೆ ತುದಿ ಆಚೆ ಬರಬಾರದು. ನಮ್ಮದನ್ನು ಇಟ್ಟರು. ತುದಿ ಆಚೆ ಬಂತು.

"ಅಮ್ಮಾ, ಜಾಸ್ತಿ ಇದೆ ಇದು. ಹನ್ನೆರಡು ಮಿಲಿಮೀಟರ್."

"ಸಾಧ್ಯವೇ ಇಲ್ಲ ಮೇಡಂ," ಅಂದರು ನಮ್ಮವರು. "ಅರವತ್ತು ಅಂದ್ರೆ ಅರವತ್ತು. ನಿಮ್ಮ ಪೆಟ್ಟಿಗೆ ತಪ್ಪಿರ್ಬೇಕು." ಚೀಲದಿಂದ ತಮ್ಮ ಸ್ಟೀಲ್ ಸ್ಕೇಲ್ ತೆಗೆದರು. ಇಟ್ಟು ತೋರಿಸಿದರು. ಅರವತ್ತೇ ಇತ್ತು.

ಆ ಮೇಡಂ ಒಳ್ಳೆಯವರು. ಜಗಳಕ್ಕೆ ಬರಲಿಲ್ಲ. ತಮ್ಮ ಟೇಪನ್ನು ಆ ಸ್ಕೇಲಿನ ಪಕ್ಕದಲ್ಲೇ ಹಾಸಿದರು. ಇವರ ಸ್ಕೇಲಿನ ಅರವತ್ತು, ಟೇಪಿನ ಅರವತ್ತೊಂದು ದಾಟಿ ಎರಡು ಗೆರೆ ಮುಂದೆ ಇತ್ತು.

ನಮ್ಮವರು ಸ್ಕೇಲನ್ನೇ ನೋಡಿದರು. ಅದರ ಮೂಲೆಯಲ್ಲಿ ಸವೆದುಹೋದ ಎರಡು ಅಕ್ಷರ ಇತ್ತು, ಹೆಬ್ಬೆರಳಿನಿಂದ ಉಜ್ಜಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಕಾಂಟ್ರಾಕ್ಷನ್ ಸ್ಕೇಲು," ಅಂದರು.

"ಏನ್ರೀ ಹಂಗಂದ್ರೆ?"

"ಕರಗಿದ ಉಕ್ಕು ತಣ್ಣಗಾಗ್ತಾ ಕುಗ್ಗುತ್ತೆ ಕಣೇ. ನೂರಕ್ಕೆ ಎರಡು. ಅದಕ್ಕೆ ಅಚ್ಚನ್ನ ಅಷ್ಟು ದೊಡ್ಡದು ಮಾಡ್ಬೇಕು. ಲೆಕ್ಕ ಹಾಕೋ ಕಷ್ಟ ಬೇಡ ಅಂತ ಸ್ಕೇಲನ್ನೇ ಉದ್ದ ಮಾಡಿರ್ತಾರೆ. ನನ್ನ ಹತ್ರ ಇರೋದು ಇದೊಂದೇ."

ಕಾರ್ಬನ್ ಎಲ್ಲಿ ಕುಗ್ಗುತ್ತೆ? ಮೂವತ್ತೊಂದು ವರ್ಷ ಈ ಮನುಷ್ಯ ಮಾಡಿದ ಒಂದು ವಸ್ತುವೂ ನಿಜವಾದ ಅಳತೆಯಲ್ಲಿ ಇರಲಿಲ್ಲ, ಇರಬಾರದಾಗಿತ್ತು. ಅದನ್ನೇ ಕೈ ಕಲಿತುಬಿಟ್ಟಿತ್ತು. ನನ್ನ ಹೊಲಿಗೆ ಟೇಪು ಮೆಷಿನ್ನಿನ ಡ್ರಾಯರಿನಲ್ಲೇ ಬಿದ್ದಿತ್ತು, ಒಂದು ಸಲ ಹಿಡಿದು ನೋಡಿದ್ದರೆ ಆಗುತ್ತಿತ್ತು. ಸಿಟ್ಟು ಬಂತು ನನಗೆ, ಅಲ್ಲೇ ಅವರನ್ನ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

"ಕೊನೇ ಬ್ಯಾಚಿಗೆ ಇನ್ನೊಂದು ಗಂಟೆ ಇದೆ," ಅಂದರು ಸಂಘಮಿತ್ರಾ ಮೇಡಂ. "ಅಷ್ಟರೊಳಗೆ ಸರಿಮಾಡ್ಕೊಂಡು ಬಂದ್ರೆ ಹಾಕ್ಕೋಬಹುದು. ಇಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ಹಳೇ ರಬ್ಬರ್ ಫಿನ್ನಿನ ಪಾದ ಕತ್ತರಿಸಿ ಆಗಿತ್ತು. ಹಾಕಿಕೊಳ್ಳೋಕೆ ಬೇರೆ ಇರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಓಡಿದೆ. ಎದುರುಗಡೆ ಗ್ರಿಲ್ ಮಾಡುವ ಅಂಗಡಿಯವನ ಹತ್ತಿರ ಗೋಗರೆದು ಹ್ಯಾಕ್ಸಾ ಗರಗಸ ಇಸಕೊಂಡೆ, ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ನಾಲ್ಕು ಫೆವಿಕ್ವಿಕ್.

ಕಾಂಪೌಂಡಿನ ಮರದ ಕೆಳಗೆ ನಮ್ಮವರು ಬಿರಿದ ಕೈಯಲ್ಲೇ ಗರಗಸ ಹಿಡಿದು ಕೂತರು. ಪ್ರಿಯಾ ಎದುರಿಗೆ ಮಂಡಿಯೂರಿ ಬ್ಲೇಡ್ ಗಟ್ಟಿಯಾಗಿ ಹಿಡಿದಳು. ಕಪ್ಪು ಪುಡಿ ಉದುರುತ್ತಿತ್ತು. ಹಿಡಿದ ಬಿಗಿಗೆ ಅವಳ ಹೆಗಲಿನ ಟವೆಲ್ ಜಾರಿತು. ಹಿಂದೆ ಕಟ್ಟೆ ಮೇಲೆ ಅತ್ತೆ ಕೂತಿದ್ದರು.

"ಏನೇ ಅದು?" ಅಂದರು.

ಬಲಗಡೆ ರೆಕ್ಕೆಮೂಳೆಯ ಕೆಳಗೆ, ಹದಿನೇಳು ಅಂತ ಬರೆದ ನಂಬರಿನ ಪಕ್ಕ, ಚೂಪು ಮೂತಿಯ ಒಂದು ಗಾಯದ ಗುರುತು. ಕಂದು ಬಣ್ಣ, ಅಂಚು ಹೊಳೆಯುತ್ತಿತ್ತು. ನೋಡಿದವರು ಯಾರಾದರೂ ಹೇಳುವಂಥದು, ಇಸ್ತ್ರಿ ಪೆಟ್ಟಿಗೆಯ ಆಕಾರ.

"ಏನಿಲ್ಲ ಅಜ್ಜಿ."

"ಇಸ್ತ್ರಿ ಮಾಡೋವಾಗ ತಗಲಿತಾ?"

"ಬೆನ್ನಿಗೆ ಹೆಂಗೆ ತಗಲುತ್ತೆ ಅಜ್ಜಿ? ತಗಲಿದ್ದಲ್ಲ. ಇಟ್ಟಿದ್ದು."

ಗರಗಸ ನಿಂತಿತು. ನಮ್ಮವರು ತಲೆ ಎತ್ತಿದರು. "ಅಪ್ಪಾ, ಟೈಮಿಲ್ಲ, ಕೊಯ್ಯಿರಿ," ಅಂದಳು ಪ್ರಿಯಾ. ಅವರು ಕೊಯ್ದರು. ಅತ್ತೆ ತಮ್ಮ ಸೊಟ್ಟ ಬೆರಳನ್ನ ಮುಂದೆ ಚಾಚಿ ಆ ಗುರುತನ್ನ ಮುಟ್ಟಿದರು, ಮತ್ತೆ ಕೈ ಹಿಂದಕ್ಕೆ ತಗೊಂಡರು.

ಪದರ ಬಿಟ್ಟುಕೊಳ್ಳದಿರಲಿ ಅಂತ ಕೊಯ್ದ ಅಂಚಿಗೆ ಫೆವಿಕ್ವಿಕ್ ಸುರಿದು, ಊದಿ ಊದಿ ಒಣಗಿಸಿ, ಪೆಟ್ಟಿಗೆಯೊಳಗೆ ಇಟ್ಟರು. ಸರಿಹೋಯಿತು. ಪ್ರಿಯಾ ನೀರಿಗೆ ಬಿದ್ದಳು.

ಐವತ್ತು ಮೀಟರಿನ ಕೊಳ, ನಾಲ್ಕು ಸುತ್ತು. ಎರಡು ಸುತ್ತು ನಮ್ಮ ಹುಡುಗಿಯೇ ಮುಂದೆ. ಮೂರನೇ ಸುತ್ತಿನಲ್ಲಿ ಎಡಗಾಲು ಒದ್ದಾಗ ನೀರು ಬೇರೆ ಥರ ಚಿಮ್ಮಿತು. "ಬಿಟ್ಕೊಂತು," ಅಂದರು ನಮ್ಮವರು. ಕೊಯ್ದ ಅಂಚಿನಿಂದ ಪದರ ಬಿಟ್ಟುಕೊಂಡಿತ್ತು. ನಾನು ಜೋರಾಗಿ ಏನೋ ಕೂಗುತ್ತಿದ್ದೆ, ಏನು ಅಂತ ನೆನಪಿಲ್ಲ. ಅವಳು ಕಂಬಿ ಹಿಡಿದು ತಲೆ ಎತ್ತಿ ಮೊದಲು ಬೋರ್ಡು ನೋಡಿದಳು.

ಎರಡು ನಿಮಿಷ ಹನ್ನೊಂದು ಸೆಕೆಂಡು.

ವಾಪಸ್ ಭದ್ರಾವತಿ ಬಸ್ಸು ಹತ್ತಿದೆವು. ಮಾಚೇನಹಳ್ಳಿ ದಾಟಿದ ಮೇಲೆ ನನಗೆ ತಡೆಯೋಕಾಗಲಿಲ್ಲ. "ಏನ್ ಅಳತೆ ರೀ ನಿಮ್ದು! ಊರಿಗೆಲ್ಲ ಅಳತೆ ಹೇಳೋರು, ಮಗಳ ಬಾಳು ಅಳೆಯೋವಾಗ್ಲೇ ಆ ಹಾಳು ಸ್ಕೇಲ್ ಸಿಕ್ತಾ?" ಅಂದುಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವರು ಕಿಟಕಿ ಕಡೆ ಮುಖ ಮಾಡಿದರು, ಹೆಗಲು ಅಲ್ಲಾಡುತ್ತಿತ್ತು.

"ಬೈಬೇಡ ಅಮ್ಮ," ಅಂದಳು ಪ್ರಿಯಾ. ಅಪ್ಪನ ಒರಟು ಕೈಯನ್ನ ತನ್ನ ತೊಡೆ ಮೇಲೆ ಇಟ್ಟುಕೊಂಡಳು. "ಹದಿನಾರರಿಂದ ಹನ್ನೊಂದಕ್ಕೆ ತಂದಿದ್ದು ಅಪ್ಪನೇ."

ಚಿತ್ರಾನ್ನ ಹಾಗೇ ವಾಪಸ್ ಬಂತು. ದನಕ್ಕೆ ಹಾಕಿದೆ.

ಸೋಮವಾರ ರಾಹುಕಾಲ ಕಳೆದು ಒಂಬತ್ತೂವರೆಗೆ ಕಾರು ಬಂತು. ಸತ್ಯಭಾಮಮ್ಮ ಹೂವು ಹಣ್ಣು ಹಿಡಿದು ಇಳಿದರು, ಹಿಂದೆ ಶಿವಯೋಗಿ. ಅತ್ತೆ ಜಗಲಿಯಲ್ಲಿ, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೆಳಗ್ಗೆಯೇ ಸ್ನಾನ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ.

"ಪ್ರಿಯಾ ಬಟ್ಟೆಬರೆ ಕಟ್ಕೊಂಡಾಯ್ತಾ ಅತ್ತೆಮ್ಮ?"

"ಅವಳು ಬರಲ್ಲ."

"ಹಂಗಂದ್ರೆ?" ಅಂದ ಶಿವಯೋಗಿ. "ಅಜ್ಜಿ, ನೀವೇ ಮಾತು ಕೊಟ್ಟಿದ್ರಿ."

"ಹೂಂ ಕಣೋ, ನಾನೇ ಕೊಟ್ಟಿದ್ದು. ನಾನೇ ತಪ್ತಿದೀನಿ. ಹೋಗಿ ನಿಮ್ಮಜ್ಜಂಗೆ ಹೇಳು, ನಿಮ್ಮಕ್ಕ ವೀರಮ್ಮ ಮಾತು ತಪ್ಪಿದಳು ಅಂತ. ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಇಲ್ವೋ ನೋಡೋಕೆ ಹೆಂಡ್ತಿ ಬೆನ್ನೇ ಬೇಕಿತ್ತೇನೋ ನಿಂಗೆ?"

ಅವನ ಮುಖ ಕಪ್ಪಿಟ್ಟಿತು. ಸತ್ಯಭಾಮಮ್ಮ ಮುಂದೆ ಬಂದರು. "ಸಂಸಾರ ಅಂದ್ಮೇಲೆ ಏನೋ ಒಂದು ಆಗುತ್ತೆ. ಇದನ್ನ ದೊಡ್ಡದು ಮಾಡಿದ್ರೆ ನಿಮ್ಮ ತವರಿನ ಬಾಗಿಲು ಮುಚ್ಚಿತು ಅಂತ ತಿಳ್ಕೊಳಿ. ನಾಳೆ ನೀವು ಕಣ್ಮುಚ್ಚಿದ್ರೆ ತವರಿನ ಸೀರೆ ತರೋರೂ ಇರಲ್ಲ."

ಆ ವಯಸ್ಸಿನ ಹೆಂಗಸಿಗೆ ಅದು ಸಣ್ಣ ಮಾತಲ್ಲ. ಸತ್ತ ಮೇಲೆ ತವರಿನ ಸೀರೆ ಉಡಿಸಿಯೇ ನಮ್ಮಲ್ಲಿ ಸಮಾಧಿಯಲ್ಲಿ ಕೂರಿಸೋದು.

"ಹಳೇದ್ರಲ್ಲೇ ಕೂರಿಸ್ತಾರೆ ಬಿಡು," ಅಂದರು ಅತ್ತೆ. "ಹಣ್ಣು ವಾಪಸ್ ತಗೊಂಡು ಹೋಗಿ."

ಕಾರು ಹೋಯಿತು. ನಮ್ಮವರು ಅವ್ವನ ಪಕ್ಕ ನೆಲದ ಮೇಲೆ ಕೂತು ಅವರ ಕಾಲು ಹಿಡಿದುಕೊಂಡರು. ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ, ಕಾಫಿ ಮಾಡ್ತೀನಿ ಅಂತ ತಿರುಗಿದೆ.

"ನಿಲ್ಲು ವೀಣಾ," ಅಂದರು ಅತ್ತೆ. "ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ನನ್ನ ಕಣ್ಣು ಮಂಜು. ಐದು ತಿಂಗಳು ಇದೇ ಮನೇಲಿ ಇದಾಳೆ. ಹೆತ್ತವಳು ನೀನು. ನಿನ್ನ ಕಣ್ಣಿಗೆ ಬಿದ್ದಿರ್ಲಿಲ್ವಾ ಅದು?"

ಇಲ್ಲ ಅನ್ನಬಹುದಿತ್ತು. ಯಾರೂ ಸಾಕ್ಷಿ ಇರಲಿಲ್ಲ. ಆದರೆ ತವರನ್ನೇ ಕಳಕೊಂಡು ಕೂತ ಮುದುಕಿಯ ಎದುರು ನಾಲಿಗೆ ತಿರುಗಲಿಲ್ಲ.

"ಬಿದ್ದಿತ್ತು ಅತ್ತೆ."

ಅವಳು ಬಂದ ವಾರವೇ. ಬಚ್ಚಲುಮನೆ ಬಾಗಿಲಿನ ಚಿಲಕ ಕಿತ್ತುಹೋಗಿತ್ತು. ಬಿಸಿನೀರು ಕೊಡೋಕೆ ಹೋದವಳಿಗೆ ಬಾಗಿಲ ಸಂದಿಯಿಂದ ಅವಳ ಬೆನ್ನು ಕಂಡಿತು. ಆಗ ಗಾಯ ಇನ್ನೂ ಹಸಿ ಇತ್ತು. ನಾನು ತಂಬಿಗೆ ಅಲ್ಲೇ ಇಟ್ಟು ಬಂದು ಚಟ್ನಿ ರುಬ್ಬಿದೆ. ನೋಡಿದೆ ಅಂದರೆ ಏನಾದರೂ ಮಾಡಬೇಕಾಗುತ್ತಿತ್ತು. ಅತ್ತೆಗೆ ಎದುರು ನಿಲ್ಲಬೇಕಾಗುತ್ತಿತ್ತು, ನಂಟರ ಬಾಯಿಗೆ ಬೀಳಬೇಕಾಗುತ್ತಿತ್ತು. ಹೆದರಿಕೆ ಆಯಿತು ನನಗೆ, ಅಷ್ಟೇ. ಈ ಫಿನ್ ಒಂದು ಆಗಿ, ಅವಳು ಪಾಸಾಗಿ ಹೊರಟುಹೋದರೆ ನಾನು ಬಾಯಿ ಬಿಡೋದೇ ಬೇಡ ಅಂದುಕೊಂಡಿದ್ದೆ.

ಇದನ್ನೆಲ್ಲ ಹೇಳಿ ತಿರುಗಿದರೆ, ಪ್ರಿಯಾ ಅಜ್ಜಿಗೆ ನೀರು ತಂದವಳು ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ನೋಡಿದ್ಯಾ ಅಮ್ಮ?"

ನಾನು ಹೂಂ ಅಂತ ತಲೆ ಆಡಿಸಿದೆ.

"ಸಂಕ್ರಾಂತಿ ದಿನ ಅವರು ಬಂದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಆಗ್ಲಿ ಅಂದೆ," ಅಂದಳು. ಕೂಗಾಡಲಿಲ್ಲ. ಅಜ್ಜಿಗೆ ನೀರು ಕೊಟ್ಟು, ಅವರು ಕುಡಿಯೋವರೆಗೆ ನಿಂತು, ಖಾಲಿ ಲೋಟ ತಗೊಂಡು ಒಳಗೆ ಹೋದಳು.

ಇದಾಗಿ ನಾಲ್ಕು ತಿಂಗಳು. ಪ್ರಿಯಾ ಈಗ ಮಾಚೇನಹಳ್ಳಿಯಲ್ಲಿ ಮುರುಗೇಶನ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಾಳೆ, ಗ್ಲೋಸ್ ಹಾಕಿಕೊಂಡು. ಶಿವಯೋಗಿ ಮೇಲೆ ಹಾಕಿದ ಕೇಸು ನಡೀತಿದೆ, ಕೋರ್ಟಿನ ತಾರೀಖಿನ ದಿನ ಅಪ್ಪನ ಜೊತೆ ಹೋಗಿ ಬರುತ್ತಾಳೆ. ಭಾನುವಾರ ಅಜ್ಜಿಯ ತಲೆಗೆ ಎಣ್ಣೆ ಹಚ್ಚುತ್ತಾಳೆ, ಇಬ್ಬರೂ ನಗುತ್ತಾರೆ. ನನ್ನ ಜೊತೆಯೂ ಜಗಳ ಏನಿಲ್ಲ. ಬಡಿಸಿದ್ದು ಊಟ ಮಾಡುತ್ತಾಳೆ, ಕೇಳಿದ್ದಕ್ಕೆ ಹೇಳುತ್ತಾಳೆ, ಇಡ್ಲಿ ಹಿಟ್ಟಿಗೆ ಹೊಸ ಪಾತ್ರೆ ಕೂಡ ತಂದುಕೊಟ್ಟಳು. ಮೊದಲ ಸಂಬಳ ಬಂದ ದಿನ ಬಚ್ಚಲುಮನೆ ಬಾಗಿಲಿಗೆ ಒಂದು ಹೊಸ ಚಿಲಕ ತಂದು ತಾನೇ ಸ್ಕ್ರೂ ಹೊಡೆದಳು. ದಿನಾ ಬೆಳಗ್ಗೆ ನಾನು ಬಿಸಿನೀರು ತಗೊಂಡು ಹೋಗಿ ಬಾಗಿಲು ತಟ್ಟುತ್ತೇನೆ. "ಅಲ್ಲೇ ಇಟ್ಟು ಹೋಗಮ್ಮ" ಅನ್ನುತ್ತಾಳೆ.